ಸುಣ್ಣದಲ್ಲಿ ಕುದಿದ ಕಾಫಿ

ಮಾವನವರು ಬರುತ್ತಾರೆಂದರೆ ನೀವು ಮನೆಗೆ ಸುಣ್ಣ ಹೊಡೆಸುವುದಿಲ್ಲವೇ? ನಾನೂ ಹೊಡೆಸಲು ಹೊರಟೆ. (ಮಳೆಗಾಲವಾದ್ದರಿಂದ ಒಳಗೋಡೆಗೆ ಮಾತ್ರ.) ಬುಧವಾರ ಬರಬೇಕಾದವರು ಸೋಮವಾರವೇ ಬಂದುಬಿಟ್ಟರು.

ಅರಕಲಗೂಡಿನ ಬಸ್ಸಿಳಿದು, ನೆನೆದುಕೊಂಡು, ಹಾಸನದ ನಮ್ಮ ಬಾಡಿಗೆ ಮನೆಯ ಬಾಗಿಲಲ್ಲಿ ನಿಂತಿದ್ದರು. ಮಗಳನ್ನು ನನ್ನಂಥ ಸೈನ್ಸ್ ಮೇಷ್ಟರಿಗೆ ಕೊಡಲು ಅವರಿಗೆ ಮನಸ್ಸೇ ಇರಲಿಲ್ಲ. ಹೊಲವಿಲ್ಲದವನು ಏನು ಸಂಸಾರ ಮಾಡಿಯಾನು ಎಂಬ ಅನುಮಾನ. ಮದುವೆಯಾದ ಮೇಲೆ ಇದೇ ಮೊದಲ ಭೇಟಿ.

ಒಳಗೆ ನೋಡಿದರೆ ಪಾತ್ರೆಯೆಲ್ಲ ನಡುಮನೆಯಲ್ಲಿ. ಹೊಸದಾಗಿ ಮೆತ್ತಿದ ಒಲೆಯ ಮಣ್ಣಿನ್ನೂ ಹಸಿ. ಸೌದೆ ಒದ್ದೆ. ಸೀಮೆಎಣ್ಣೆ? ಮಹಾಯುದ್ಧ ಶುರುವಾದ ಮೇಲೆ ಅದರ ವಾಸನೆಯೂ ಅಪರೂಪ. ಪಕ್ಕದ ಮನೆಯವರು ಬೀಗ ಹಾಕಿ ಚನ್ನರಾಯಪಟ್ಟಣದ ಮದುವೆಗೆ ಹೋಗಿದ್ದರು. ಹೋಟೆಲಿನದನ್ನು ಮಾವನವರು ಮುಟ್ಟುವುದಿಲ್ಲ.

ಅವರು ಚಳಿಗೆ ಕೈ ಉಜ್ಜಿಕೊಳ್ಳುತ್ತ ಕುಳಿತರು. ಒಂದು ಲೋಟ ಕಾಫಿ ಕೊಡಲಾರದ ಅಳಿಯ ಮುಖ ಎಲ್ಲಿಟ್ಟುಕೊಳ್ಳಬೇಕು?

ಹಿತ್ತಿಲ ಕೊಟ್ಟಿಗೆಯಲ್ಲಿ, ಸುಣ್ಣ ಹೊಡೆಯಲು ಬಂದಿದ್ದ ಸಾಲಗಾಮೆಯ ಕಾಳಯ್ಯ ಸುಟ್ಟ ಸುಣ್ಣದ ಕಲ್ಲುಗಳನ್ನು ಬಾನಿಗೆ ಹಾಕಿ ನೀರು ಸುರಿಯುತ್ತಿದ್ದ. ಬಾನಿ ಕೊತಕೊತ ಕುದಿಯತೊಡಗಿತು. ನನ್ನ ಹೆಂಡತಿ ಗೌರಿ ಅದನ್ನೇ ನೋಡುತ್ತಿದ್ದಳು. ಇದರಲ್ಲಿ ಒಂದು ಚೊಂಬು ನೀರು ಕಾಯುತ್ತದೆಯೇ ಎಂದು ಕಾಳಯ್ಯನನ್ನು ಕೇಳಿದಳು.

"ಕಾಯಾದೇನವ್ವಾ, ಕುದೀತದೆ. ಮುಚ್ಚಳ ಬಿಗಿಯಾಗಿ ಮುಚ್ಕೊಡಿ. ಕಣ್ಣಿಗೆ ಸಿಡಿದಾತು, ಅತ್ಲಾಗೆ ನಿಂತ್ಕಳಿ."

ನಾನು ಬೇಡವೆಂದೆ. ಅಪಾಯದ ಮೇಲೆ ಸಣ್ಣ ಲೆಕ್ಚರನ್ನೇ ಕೊಟ್ಟೆ. ಅದು ಮುಗಿಯುವಷ್ಟರಲ್ಲಿ ಕಾಳಯ್ಯ ಚೊಂಬಿನ ಕಂಠಕ್ಕೆ ಹಗ್ಗ ಕಟ್ಟಿ ಬಾನಿಗೆ ಇಳಿಬಿಟ್ಟಿದ್ದ. ಸ್ವಲ್ಪ ಹೊತ್ತಿಗೆ ಮುಚ್ಚಳ ಟಕಟಕ ಕುಣಿಯಿತು.

ಹಾಲಿಲ್ಲದ ಬೆಲ್ಲದ ಕಾಫಿ. ಮಾವನವರು ಒಂದು ಗುಟುಕು ಕುಡಿದು, ಒಲೆ ಎಲ್ಲಿ ಎಂದರು. ಗೌರಿ ಬಾನಿ ತೋರಿಸಿದಳು. ಲೋಟ ಹಿಡಿದೇ ಎದ್ದು ಹೋಗಿ ಬಗ್ಗಿ ನೋಡಿದರು.

"ಬೆಂಕಿ ಇಲ್ದೆ ಬಿಸಿ ಎಲ್ಲಿಂದ ಬಂತು, ಅಳಿಯಂದ್ರೇ?"

ಕೊನೆಗೂ ನನ್ನ ಸಬ್ಜೆಕ್ಟಿಗೆ ಬಂದರು! ಸುಣ್ಣ ಸುಡುವ ಗೂಡಿನಲ್ಲಿ ಬೇಯುವಾಗ ಕಲ್ಲು ಬಿಸಿಯನ್ನು ನುಂಗಿ ಬೇರೆಯೇ ವಸ್ತುವಾಗುತ್ತದೆ; ನೀರು ಸೇರಿದರೆ ಮತ್ತೆ ಬದಲಾಗಿ, ನುಂಗಿದ್ದರಲ್ಲಿ ಒಂದು ಪಾಲನ್ನು ಹೊರಗೆ ಬಿಡುತ್ತದೆ ಎಂದು ವಿವರಿಸಿದೆ.

ಅವರು ಯೋಚಿಸಿದರು. "ಅಂಗಾದ್ರೆ ನಾವು ಕುಡೀತಿರಾದು ಗೂಡಿನೋನು ಉರ್ಸಿದ ಸೌದೆ ಬಿಸಿ ಕಣಮ್ಮ" ಎಂದು ಮಗಳಿಗೆ ಹೇಳಿ ನಕ್ಕರು. ಅವರು ನಕ್ಕಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಸಂಜೆಯ ಬಸ್ಸಿಗೆ ಹೊರಡಬೇಕಾದವರು ಮೂರು ದಿನ ಉಳಿದರು. ಹೋಗುವಾಗ, ತಮ್ಮ ಮಗಳು ಎಲ್ಲಿದ್ದರೂ ಬದುಕುತ್ತಾಳೆ ಎಂದರು. (ಅಳಿಯನ ಬಗ್ಗೆ ಏನೂ ಹೇಳಲಿಲ್ಲ.)

ಸುಣ್ಣಕ್ಕೆ ನೀರು ಬಿದ್ದರೆ ಶಾಖ ಬರುತ್ತದೆಂದು ನಾನು ಎಂಟು ವರ್ಷದಿಂದ ಬೋರ್ಡಿನ ಮೇಲೆ ಬರೆಯುತ್ತಿದ್ದೇನೆ. ಅದರಲ್ಲಿ ಒಂದು ಚೊಂಬು ಇಳಿಬಿಡಬಹುದೆಂದು ಯಾವ ಪುಸ್ತಕದಲ್ಲಿದೆ, ಹೇಳಿ?