ಪಾಯಸಕ್ಕೆ ಮೊದಲು ಎದ್ದವರು

ಇದನ್ನು ಹೇಳಬೇಕೆಂದು ಎಷ್ಟೋ ವರ್ಷಗಳಿಂದ ಅಂದುಕೊಂಡು ಮುಂದೆ ಹಾಕುತ್ತಲೇ ಬಂದೆ. ಈಗ ಎಪ್ಪತ್ತು ದಾಟಿದೆ.

ಆ ಕಾಲದಲ್ಲಿ ನಮ್ಮೂರು ಕುಂಬ್ರದ ಮೇಲೆ ವಿಮಾನದ ಸದ್ದು ಕೇಳಿದರೆ ನಾವು ಮಕ್ಕಳು ಎಂಜಲು ಕೈಯಲ್ಲೇ ಅಂಗಳಕ್ಕೆ ಓಡುತ್ತಿದ್ದೆವು. ಅಂಥ ಊರಿಗೆ, ಯುದ್ಧವಿಮಾನ ಹಾರಿಸಿ ನಿವೃತ್ತರಾದವರೊಬ್ಬರು ಹೆಂಡತಿ, ಮಗನೊಂದಿಗೆ ಬಂದು ನಮ್ಮ ಪಕ್ಕದಲ್ಲೇ ಮನೆ ಮಾಡಿದರು. ನಮಗೆಲ್ಲ ಅವರು ಪೈಲೆಟ್ ಮಾವ. ಮಾತು ಕಡಿಮೆ. ಮಗ ನನ್ನದೇ ಕ್ಲಾಸು.

ಆ ಬೇಸಿಗೆಯಿಡೀ ನಾವಿಬ್ಬರು ಗೇರುಮರದಲ್ಲೇ ಇದ್ದೆವು. ಬಾಯಿಯೆಲ್ಲ ಒಗರು, ಅಂಗಿಯ ತುಂಬ ಗೇರುಹಣ್ಣಿನ ಕಲೆ. ಕೊಂಬೆಯಿಂದ ತರಗೆಲೆ ರಾಶಿಗೆ ಹಾರುವುದು ನಮ್ಮ ಆಟ. ಒಂದು ದಿನ ಕೇಳಿದೆ, "ನಿನ್ನ ಅಪ್ಪ ಯಾವಾಗ್ಲೂ ಕೋಲು ನುಂಗಿದವರ ಹಾಗೆ ಯಾಕೆ ನಡೆಯುದು ಮಾರಾಯ?"

ಅವನು ಕೊಂಬೆಯಲ್ಲೇ ನನ್ನ ಹತ್ತಿರಕ್ಕೆ ಸರಿದ.

"ವಿಮಾನಕ್ಕೆ ಬೆಂಕಿ ಹಿಡಿದಾಗ ಸೀಟು ಸಮೇತ ಹೊರಗೆ ಚಿಮ್ಮಿದ್ದು. ಆಗ ಬೆನ್ನಿನ ಎಲುಬು ಜಜ್ಜಿ ಹೋಗಿದೆ. ನೆಲದಲ್ಲಿ ಕೂತುಕೊಳ್ಳಲಿಕ್ಕೆ ಆಗುದಿಲ್ಲ. ಯಾರಿಗೂ ಹೇಳ್ಬೇಡ. ಪಾಪ ಅಂದ್ರೆ ಅಪ್ಪನಿಗೆ ಸಿಟ್ಟು ಬರ್ತದೆ."

"ಆಣೆಗೂ ಹೇಳುದಿಲ್ಲ" ಅಂದೆ.

ಅದೇ ತಿಂಗಳು ನಮ್ಮ ಮನೆಯಲ್ಲಿ ಪೂಜೆ. ಚಪ್ಪರದಡಿ ಎಲೆ ಹಾಕಿತ್ತು. ಪಂಕ್ತಿಯಲ್ಲಿ ಕೂತರೆ ಎಲ್ಲರ ಊಟ ಮುಗಿದು ಹಿರಿಯರು ಏಳುವ ತನಕ ಯಾರೂ ಏಳುವಂತಿಲ್ಲ. ನಡುವೆ ಎದ್ದರೆ ಬಡಿಸಿದ ಮನೆಗೆ ಅವಮಾನ. ಅಜ್ಜ ಪೈಲೆಟ್ ಮಾವನನ್ನು ಪಕ್ಕದಲ್ಲೇ ಕರೆದು ಕೂರಿಸಿದರು. ಅವರು ಬೇಡವೆನ್ನದೆ ಚಕ್ಕಳಮಕ್ಕಳ ಹಾಕಿ ಕೂತರು. ಸಾರು ಬರುವಾಗಲೇ ಅವರ ಹಣೆ ಬೆವರಿತ್ತು. ಹಲಸಿನ ಹಣ್ಣಿನ ಪಾಯಸದ ಪರಿಮಳ ಬರುತ್ತಿತ್ತು. ಅದು ಎಲೆಗೆ ಬೀಳುವ ಮೊದಲೇ ಅವರು ನೆಲಕ್ಕೆ ಕೈ ಊರಿ ಎದ್ದು, "ತಪ್ಪು ತಿಳ್ಕೊಳ್ಬೇಡಿ" ಎಂದು ಕೈ ತೊಳೆಯಲು ಹೋದರು.

ಅಜ್ಜನ ಮುಖ ಕೆಂಪಾಯಿತು. "ಎಂತ ಇದು? ನಮ್ಮ ಪಾಯಸ ಇವರಿಗೆ ಸಾಲುದಿಲ್ವಾ?"

ಕಾರಣ ನನಗೆ ಗೊತ್ತಿತ್ತು. ನಾನು ಹೇಳಿದ್ದು ಇದು: "ಅವರು ವಿಮಾನದಿಂದಲೂ ಹೀಗೇ ಅಜ್ಜ, ಅರ್ಧದಲ್ಲಿ ಎದ್ದು ಬಂದದ್ದು."

ಅಜ್ಜ ನಕ್ಕುಬಿಟ್ಟರು. ಚಪ್ಪರವೇ ನಕ್ಕಿತು. "ಹಾಗಾದ್ರೆ ಅಭ್ಯಾಸ ಉಂಟು ಮಾರಾಯ್ರೆ" ಅಂದರು ಯಾರೋ. ದೊಡ್ಡವರು ನನ್ನ ಮಾತಿಗೆ ನಕ್ಕದ್ದು ಅದೇ ಮೊದಲು. ಹಿತವಾಯಿತು, ಅದನ್ನು ಮುಚ್ಚಿಡುವುದಿಲ್ಲ. ಗುಟ್ಟನ್ನೂ ಉಳಿಸಲಿಲ್ಲ, ನಿಜವನ್ನೂ ಹೇಳಲಿಲ್ಲ.

ಎದುರು ಸಾಲಿನಲ್ಲಿ ಗೆಳೆಯ ನನ್ನನ್ನೇ ನೋಡುತ್ತಿದ್ದ. ಅವನು ಏಳಲಿಲ್ಲ. ಪಾಯಸ ಹಾಕಿಸಿಕೊಂಡು, ಪೂರ್ತಿ ಉಂಡು, ಎಲ್ಲರ ಜೊತೆಗೇ ಎದ್ದ. ಆಮೇಲೆ ನನ್ನ ಹತ್ತಿರ ಮಾತಾಡಲಿಲ್ಲ.

'ಅರ್ಧದ ಪೈಲೆಟ್' ಎಂಬ ಹೆಸರು ಪೇಟೆಯವರೆಗೆ ಹೋಯಿತು. ಮಾವ ಒಮ್ಮೆಯೂ ತಮ್ಮ ಬೆನ್ನಿನ ಸುದ್ದಿ ಎತ್ತಲಿಲ್ಲ. ಮರುವರ್ಷ ಶಾಲೆ ಶುರುವಾಗುವ ಮೊದಲೇ ಮನೆ ಮಾರಿ ಹೋದರು. ಎಲ್ಲಿಗೆಂದು ನಾನು ವಿಚಾರಿಸಲೂ ಇಲ್ಲ.

ಈಗ ಊಟಕ್ಕೆ ಎಲ್ಲೆಲ್ಲೂ ಮೇಜು, ಕುರ್ಚಿ. ಉಂಡವರು ಉಂಡ ಹಾಗೆ ಏಳುತ್ತಾರೆ. ಮೊನ್ನೆ ದರ್ಬೆಯ ಒಂದು ಮದುವೆಯಲ್ಲಿ ಸೊಂಟನೋವು ತಡೆಯಲಾಗದೆ ನಾನೇ ಪಾಯಸಕ್ಕೆ ಮೊದಲು ಎದ್ದೆ. ಯಾರೂ ತಲೆಯೆತ್ತಿ ನೋಡಲಿಲ್ಲ. ಅಜ್ಜ ಇಲ್ಲ, ಗೇರುಮರ ಇಲ್ಲ, ಅಂದು ನಕ್ಕ ದೊಡ್ಡವರಲ್ಲಿ ಒಬ್ಬರೂ ಇಲ್ಲ. ಆ ಪಾಯಸವನ್ನು ಕೊನೆಯವರೆಗೆ ಕೂತು ಉಂಡವನು ಎಲ್ಲಾದರೂ ಇರಬಹುದು. ನಾನು ಕ್ಷಮೆ ಕೇಳದ ಅವನ ಹೆಸರು ಉಮೇಶ.