ಕೈ ಬಿಡಿಸಿದ ಮೇಡಂ

ನನ್ನ ಮೊಮ್ಮಗಳಿಗೆ ಒಂಟಿ ಕಾಲಲ್ಲಿ ನಿಲ್ಲುವುದನ್ನು ಕಲಿಸಿದ ಮೇಡಂ ನಮ್ಮ ಮನೆಗೆ ಒಮ್ಮೆಯೂ ಬಂದವರಲ್ಲ. ಫೋನಿನ ವಿಡಿಯೊದಲ್ಲೇ ಬರುತ್ತಿದ್ದರು. ಹುಡುಗಿಗೆ ಆರು ವರ್ಷಕ್ಕೇ ಸಕ್ಕರೆ ಕಾಯಿಲೆ, ದಿನವೂ ಇನ್ಸುಲಿನ್ ಚುಚ್ಚಬೇಕು. ಕಾಲು ಗಟ್ಟಿ ನಿಲ್ಲಲಿ ಎಂದು ಆಸ್ಪತ್ರೆಯವರು ಈ ವ್ಯಾಯಾಮದ ಪಾಠ ಗೊತ್ತು ಮಾಡಿದ್ದರು.

ಫೋನನ್ನು ಕೊಬ್ಬರಿ ಚೀಲಕ್ಕೆ ಒರಗಿಸಿಡುತ್ತಿದ್ದೆ. ಮೊದಲು ಬೆರಳು ಚುಚ್ಚಿ ಸಕ್ಕರೆ ಎಷ್ಟಿದೆ ಹೇಳಬೇಕು, ಆಮೇಲೆ ಪಾಠ. ಮೆತ್ತನೆಯ ದಿಂಬಿನ ಮೇಲೆ ನಿಲ್ಲಿಸಿ ಎಂದರು ಮೇಡಂ. ನಮ್ಮಲ್ಲಿ ಗೋಣಿ ಚೀಲವಷ್ಟೇ ಇರೋದು ಎಂದೆ. ಮುಂದಿನ ಸಲ ತಾವೂ ಗೋಣಿ ಮಡಿಸಿ ಹಾಸಿಕೊಂಡು ನಿಂತರು. ಓಲಾಡಿ ಬಿದ್ದರು, ಎದ್ದು ಮತ್ತೆ ನಿಂತರು.

ಹುಡುಗಿ ಬೀಳದಿರಲಿ ಎಂದು ನಾನು ಹಿಂದಿನಿಂದ ಅವಳ ಲಂಗ ಹಿಡಿದಿರುತ್ತಿದ್ದೆ. ಫೋನಿಗೆ ಕಾಣದು ಅಂದುಕೊಂಡಿದ್ದೆ. "ಅಜ್ಜಿ, ಕೈ ಬಿಡಿ" ಎನ್ನುತ್ತಿದ್ದರು. ಪ್ರತಿ ಸಲವೂ.

ಒಂದು ಸಂಜೆ ಬಿಟ್ಟೆ. ಹುಡುಗಿ ವಾಲತೊಡಗಿದಳು.

"ಮೈಗಳ್ಳಿ, ನೆಟ್ಟಗೆ ನಿಂತ್ಕಳೇ" ಎಂದು ಗದರಿದೆ.

"ಅಜ್ಜಿ, ಹಿಡ್ಕೊಳ್ಳಿ. ಮೈಗಳ್ಳತನ ಅಲ್ಲ ಅದು. ಕೂರಿಸಿ ಬೆರಳು ಚುಚ್ಚಿ."

ಪಾಠಕ್ಕೆ ಮೊದಲು ಸರಿಯಿದ್ದ ಸಕ್ಕರೆ ಈಗ ತೀರಾ ಇಳಿದಿತ್ತು. ಹುಡುಗಿಯ ಮುಖ ಬಿಳಿಚಿ ಬೆವೆತದ್ದು ಹಿಂದೆ ನಿಂತಿದ್ದ ನನಗೆ ಕಾಣಲಿಲ್ಲ, ಅವರಿಗೆ ಅಲ್ಲಿಂದ ಕಂಡಿತ್ತು. ಸಕ್ಕರೆ ನೀರು ಕುಡಿಸಿ, ಕಾಲು ಗಂಟೆ ಬಿಟ್ಟು ಮತ್ತೆ ಚುಚ್ಚಿ, ಸರಿಯಾಯಿತು ಎನ್ನುವವರೆಗೂ ಮೇಡಂ ಫೋನ್ ಇಡಲಿಲ್ಲ.

"ಸಾಕು ಬುಡವ್ವ ಈ ಪಾಠ. ಬಿದ್ದುಗಿದ್ದಾಳು" ಎಂದೆ.

"ಹಿಡಿಯೋಕೆ ನೀವಿದ್ದೀರಲ್ಲ. ಯಾವಾಗ ಹಿಡೀಬೇಕು ಅಂತ ನಾನು ಹೇಳ್ತೀನಿ. ನಾಡಿದ್ದು ಇದೇ ಹೊತ್ತಿಗೆ."

ಅವರು ಹೇಳಿದ ದಿನ ಸಕ್ಕರೆ ಸರಿಯಿತ್ತು. ಹುಡುಗಿ ಗೋಣಿಯ ಮೇಲೆ ಹತ್ತಿ ಕಾಲೆತ್ತಿದಳು. ಮೇಡಂ ಬಾಯಿ ತೆರೆಯುವ ಮೊದಲೇ ನಾನು ಲಂಗ ಬಿಟ್ಟೆ.