ಬ್ಯಾರನ್ ಉರಿಯುವಾಗ ಕೇಳಿದ ಪ್ರಶ್ನೆ

ಮಂಗಳಮ್ಮನವರಿಗೆ ಮಾತ್ರೆ ನಾಟುವುದಿಲ್ಲ ಎಂದು ಹೇಳಿದವನು ನಾನು. ಡಾಕ್ಟರಲ್ಲ — ನಾನು. ಅವರ ಗಂಡ ಸಿದ್ದರಾಜು ಇಷ್ಟು ವರ್ಷ ಅದನ್ನು ಡಾಕ್ಟರ ತೀರ್ಮಾನವೆಂದೇ ನಂಬಿದ್ದರು. ಆ ನಂಬಿಕೆಯನ್ನು ತಿದ್ದದೆ ಸುಮ್ಮನಿದ್ದವನೂ ನಾನೇ.

ಆಗ ಮೈಸೂರಿನಲ್ಲಿ ಮನಃಶಾಸ್ತ್ರದ ಎಂ.ಎ. ಮುಗಿಸಿ ಒಂದು ಅಧ್ಯಯನದಲ್ಲಿ ಕೆಲಸಕ್ಕೆ ಸೇರಿದ್ದೆ. ಖಿನ್ನತೆಗೆ ಮಾತ್ರೆ ಶುರುಮಾಡಿದವರಲ್ಲಿ ಯಾರು ಚೇತರಿಸಿಕೊಳ್ಳುತ್ತಾರೆ, ಯಾರು ಇಲ್ಲ ಎಂದು ಮೊದಲ ವಾರಗಳಲ್ಲೇ ಊಹಿಸಬಹುದೇ — ಇದು ಅಧ್ಯಯನದ ವಿಷಯ. ಹುಣಸೂರು, ಪಿರಿಯಾಪಟ್ಟಣದ ಕಡೆಯ ಹಳ್ಳಿಗಳಲ್ಲಿ ರೋಗಿಗಳನ್ನು ಕಂಡು, ನಿದ್ದೆ ಬರುತ್ತದೆಯೇ, ಊಟ ಸೇರುತ್ತದೆಯೇ ಎಂದು ಕೇಳಿ, ಉತ್ತರಗಳಿಗೆ ಅಂಕ ಕೊಡುವುದು ನನ್ನ ಪಾಲಿನ ಕೆಲಸ. ಅಂಕ ಇಳಿದರೆ ಮಾತ್ರೆ ನಾಟುತ್ತಿದೆ ಎಂದು ಅರ್ಥ. ಇಳಿಯದಿದ್ದರೆ ಡಾಕ್ಟರಿಗೆ ತಿಳಿಸಬೇಕು; ಅವರು ಪ್ರಮಾಣ ಹೆಚ್ಚಿಸುತ್ತಾರೆ, ಇಲ್ಲವೇ ಬೇರೆ ಮಾತ್ರೆ ಕೊಡುತ್ತಾರೆ. ಮನೆಯವರಿಗೆ ನಾವು ಏನನ್ನೂ ಹೇಳಕೂಡದು. ಈ ನಿಯಮ ನನಗೆ ಚೆನ್ನಾಗಿ ಗೊತ್ತಿತ್ತು.

ಪಿರಿಯಾಪಟ್ಟಣದ ಹತ್ತಿರದ ಆ ಊರಿಗೆ ಮೊದಲ ಸಲ ಹೋದಾಗ ಮಂಗಳಮ್ಮ ಗೋಡೆಗೆ ಮುಖಮಾಡಿ ಕೂತಿದ್ದರು. ಕೇಳಿದ್ದಕ್ಕೆಲ್ಲ ಅವರ ಅತ್ತೆಯೇ ಉತ್ತರ ಕೊಟ್ಟರು. ಎರಡನೆಯ ಸಲ ಹೋದದ್ದು ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ. ಮನೆಯ ಹಿಂದೆ ಸೊಪ್ಪು ಒಣಗಿಸುವ ಗೂಡು, ಬ್ಯಾರನ್, ಉರಿಯುತ್ತಿತ್ತು. ಎಲೆ ಹದವಾಗುವವರೆಗೆ ಒಳಗಿನ ಶಾಖ ತಪ್ಪಬಾರದು. ಹಗಲೂ ರಾತ್ರಿ ಮನೆಯವರು ಸರದಿಯ ಮೇಲೆ ಬೆಂಕಿ ಕಾಯಬೇಕು. ಮಂಗಳಮ್ಮ ತಮ್ಮ ಸರದಿ ಮುಗಿಸಿ ಆಗತಾನೇ ಜಗಲಿಗೆ ಬಂದಿದ್ದರು.

ನಿದ್ದೆ ಹೇಗಿದೆ ಎಂದು ಕೇಳಿದೆ.

“ನಿದ್ದೆ ಎಲ್ಲಿ ಬಂತು ಸಾ. ಕಣ್ಣು ಮುಚ್ಚೇ ಇಲ್ಲ.”

ಊಟ?

“ಯಾವಾಗ್ಲೋ ಒಂದೊತ್ತು. ಅತ್ತೆ ಮುದ್ದೆ ಕಟ್ಟಿ ಮಡಗಿರ್ತದೆ, ನಾನ್ ಬರೋ ಒತ್ಗೆ ಕಲ್ಲಾಗಿರ್ತದೆ. ತಿಂದ್ರೆ ಹಲ್ಲು ಉದುರೋಯ್ತವೆ.”

ಒಳಗಿನಿಂದ ಅತ್ತೆ, “ಉದುರ್ಲಿ ಬುಡು, ಮಾತಾದ್ರೂ ಕಮ್ಮಿ ಆಯ್ತದೆ” ಎಂದರು. ಮಂಗಳಮ್ಮ ನಕ್ಕರು.

ನಾನು ನಿದ್ದೆಗೆ ಅತಿ ಕೆಟ್ಟ ಅಂಕ ಕೊಟ್ಟೆ. ಊಟಕ್ಕೂ ಅದೇ. ಏಕೆ ನಿದ್ದೆಯಿಲ್ಲ ಎಂದು ಕೇಳಲಿಲ್ಲ. ಹುಣಸೂರಿನಲ್ಲಿ ಹುಟ್ಟಿ ಬೆಳೆದವನು ನಾನು. ಬ್ಯಾರನ್ ಉರಿಯುವ ಮನೆಯಲ್ಲಿ ಯಾರೂ ನೆಟ್ಟಗೆ ಮಲಗುವುದಿಲ್ಲ ಎಂದು ಚಿಕ್ಕಂದಿನಿಂದ ಬಲ್ಲೆ. ಹೊಗೆ ಕಣ್ಣಿಗೆ ಅಡರುತ್ತಿದ್ದರೂ ಕೇಳಲಿಲ್ಲ. ನಗುವಿಗೆ ಅಂಕ ಕೊಡುವ ಜಾಗ ನನ್ನ ಪ್ರಶ್ನೆಗಳಲ್ಲಿ ಇರಲಿಲ್ಲ. ಗೋಡೆಯ ಕಡೆಯಿಂದ ಮುಖ ತಿರುಗಿಸಿ ಅತ್ತೆಯನ್ನು ಕೆಣಕುವಷ್ಟು ಅವರು ಬದಲಾಗಿದ್ದರು — ಅದು ನನ್ನ ಎದುರೇ ನಡೆಯಿತು.

ನಡೆಯಿತೇ? ಇಲ್ಲಿ ನನಗೆ ಅನುಮಾನ. ಆ ನಗುವನ್ನು ಆಮೇಲೆ ನಾನೇ ಸೇರಿಸಿಕೊಂಡೆನೋ ಏನೋ — ತಪ್ಪಿತಸ್ಥನ ನೆನಪು ತನಗೆ ಬೇಕಾದ್ದನ್ನು ಕಟ್ಟಿಕೊಳ್ಳುತ್ತದೆ ಎಂದು ಓದಿದವನು ನಾನು. ಆದರೆ ಮುದ್ದೆಯ ಮಾತನ್ನು ನಾನು ಕಟ್ಟಲಾರೆ. ಅಷ್ಟು ಚುರುಕು ನನ್ನಲ್ಲಿಲ್ಲ.

ಸಿದ್ದರಾಜು ಬೈಕಿನಲ್ಲಿ ಬಸ್ಸಿನವರೆಗೆ ಬಿಟ್ಟರು. ಇಳಿದಾಗ ಕೇಳಿದರು: “ಸಾ, ನಿಜ ಯೋಳಿ. ಇವ್ಳು ಸರೋಯ್ತಾಳಾ?”

“ನಾಟೋ ಹಾಗಿದ್ರೆ ಇಷ್ಟು ಹೊತ್ತಿಗೆ ನಾಟ್ಬೇಕಿತ್ತು,” ಎಂದೆ. “ಈ ಮಾತ್ರೆಯೆಲ್ಲ ಇವರಿಗೆ ನಾಟಲ್ಲ.”

‘ಅನಿಸುತ್ತೆ’ ಎಂದು ಕೊನೆಗೆ ಸೇರಿಸಿದ್ದೆನೇ? ಎಷ್ಟೋ ಸಲ ಆ ಬಸ್ ನಿಲ್ದಾಣಕ್ಕೆ ಮನಸ್ಸಿನಲ್ಲೇ ಮರಳಿ ಹುಡುಕಿದ್ದೇನೆ. ಸಿಗುವುದಿಲ್ಲ. ಸಿಕ್ಕಿದ್ದರೂ — ಅದರಿಂದ ಏನಾಗುತ್ತಿತ್ತು? ನನಗೆ ಆಗ ಒಂದು ಹೆಮ್ಮೆಯಿತ್ತು: ಎಲ್ಲರಂತೆ ಸುಳ್ಳು ಧೈರ್ಯ ಹೇಳುವವನಲ್ಲ ನಾನು ಎಂದು. ಆ ಹೆಮ್ಮೆಯೇ ಬಾಯಿಗೆ ಬಂತು.

ಮಂಗಳಮ್ಮನ ಅಂಕ ನೋಡಿ ಡಾಕ್ಟರು ಬರಹೇಳಿದರು. ನಾಟದ ಮಾತ್ರೆಗೆ ಏಕೆ ಅಲೆಯುವುದೆಂದು ಸಿದ್ದರಾಜು ಕರೆದುಕೊಂಡು ಹೋಗಲಿಲ್ಲ. ಇದ್ದ ಮಾತ್ರೆಯನ್ನೂ ನಿಲ್ಲಿಸಿದರು. ಮುಂದಿನ ಸಲ ನಾನು ಹೋದಾಗ ಬ್ಯಾರನ್ ತಣ್ಣಗಾಗಿತ್ತು, ಮನೆಯವರೆಲ್ಲ ಕಣ್ತುಂಬ ನಿದ್ದೆ ಮಾಡುತ್ತಿದ್ದರು. ಮಂಗಳಮ್ಮ ಮತ್ತೆ ಗೋಡೆಯ ಕಡೆ ತಿರುಗಿದ್ದರು. ಇವರು ಚೇತರಿಸಿಕೊಳ್ಳುವುದಿಲ್ಲ ಎಂದು ನನ್ನ ಅಂಕಗಳು ಹೇಳಿದ್ದು ಅಧ್ಯಯನದಲ್ಲಿ ಸರಿಯಾದ ಊಹೆ ಎಂದು ಸೇರಿತು. ಸಭೆಯಲ್ಲಿ ಮೇಲಿನವರು ನನ್ನ ಹೆಸರು ಹೇಳಿ ಮೆಚ್ಚಿಕೊಂಡರು. ನಾನು ತಲೆ ಆಡಿಸಿದೆ.

ಇತ್ತೀಚೆಗೆ ಪಿರಿಯಾಪಟ್ಟಣದ ಬಸ್ ನಿಲ್ದಾಣದಲ್ಲಿ ಸಿದ್ದರಾಜು ಸಿಕ್ಕರು. ನಾನು ಬೇಡವೆಂದರೂ ಟೀ ಕೊಡಿಸಿದರು. “ಡಾಕ್ಟ್ರ ಮಾತ್ನ ನೀವು ಅವತ್ತೇ ಮುಚ್ಚದೆ ಯೋಳಿದ್ರಿ ಸಾ. ನಿಮ್ ಮಾತು ಸುಳ್ಳಾಗ್ನಿಲ್ಲ. ಬೇರೆಯೋರಾಗಿದ್ರೆ ಸುಮ್ಕೆ ಅಲೆಸೋರು.” ಮಂಗಳಮ್ಮ ಯಾರ ಮನೆಗೂ ಹೋಗುವುದಿಲ್ಲವಂತೆ, ಮಗಳ ಮದುವೆಯ ದಿನವೂ ಕೋಣೆಯಿಂದ ಹೊರಗೆ ಬರಲಿಲ್ಲವಂತೆ. ತಾಲ್ಲೂಕು ಆಸ್ಪತ್ರೆಗೆ ಈಗ ಗುರುವಾರ ಮನೋವೈದ್ಯರು ಬರುತ್ತಾರೆ. ಅಲ್ಲಿಗೆ ಕರೆದರೆ ಮಂಗಳಮ್ಮ, “ನಂಗೆ ನಾಟಾಕಿಲ್ಲ ಅಂತ ಆಗ್ಲೇ ಯೋಳವ್ರಲ್ಲ” ಎನ್ನುತ್ತಾರಂತೆ.

ಟೀ ಕುಡಿದು ಬಸ್ಸು ಹತ್ತಿದೆ. ಆ ಮಾತು ನನ್ನದೆಂದು ಅಲ್ಲೇ ಹೇಳುವ ಧೈರ್ಯವಾಗಲಿಲ್ಲ — ಇದನ್ನೂ ಬರೆದಿಡುತ್ತೇನೆ.

ಕಳೆದ ವಾರ ಅವರ ಮನೆಗೆ ಹೋದೆ. ಇಬ್ಬರ ಎದುರೂ ನಿಂತು ಹೇಳಿದೆ: ಆ ಮಾತು ಡಾಕ್ಟರದ್ದಲ್ಲ, ನನ್ನದು. ಬೆಂಕಿ ಕಾಯ್ದು ಕೆಟ್ಟ ನಿದ್ದೆಯನ್ನು ನಾನು ಕಾಯಿಲೆಗೆ ಸೇರಿಸಿದೆ. ಮಾತ್ರೆ ನಾಟುತ್ತಿತ್ತು ಎಂದೇ ಈಗ ಕಾಣುತ್ತದೆ. ಅಧ್ಯಯನ ನಡೆಸಿದವರಿಗೂ ಇದನ್ನು ತಿಳಿಸಿದ್ದೇನೆ.

ಸಿದ್ದರಾಜು ಜಗಲಿಯಿಂದ ಎದ್ದರು. ಆಮೇಲೆ ಮೆಲ್ಲಗೆ, “ಇನ್ ನಮ್ಮನೆ ಕಡೆ ಬರಬ್ಯಾಡಿ ಸಾ” ಎಂದರು. ಆಗಲೂ ‘ಸಾ’ ಎಂದರು.

ಮಂಗಳಮ್ಮ ನನ್ನನ್ನು ನೋಡಿದರು. “ಅಂಗಾರೆ ಈಗ ತಕಂಡ್ರೆ ನಾಟ್ತದಾ?”

“ಗೊತ್ತಿಲ್ಲಮ್ಮ,” ಎಂದೆ. “ಆಗಲೂ ನನಗೆ ಗೊತ್ತಿರಲಿಲ್ಲ.”

ಅವರು ಎದ್ದು ಒಳಗೆ ಹೋದರು.

ನಾಳೆ ಗುರುವಾರ. ನಾನು ಆಸ್ಪತ್ರೆಯ ಕಡೆ ಹೋಗುವುದಿಲ್ಲ. ಮಂಗಳಮ್ಮ ಬಂದರೆ ನನ್ನ ಮುಖ ಕಂಡು ವಾಪಸ್ಸು ತಿರುಗಬಾರದು. ಬರುತ್ತಾರೋ, ಇಲ್ಲವೋ — ಮನಸ್ಸು ಬೆಳಗಿನಿಂದ ಊಹಿಸುತ್ತಲೇ ಇದೆ. ಈ ಊಹೆಯನ್ನು ಇಲ್ಲಿ ಬರೆಯುವುದಿಲ್ಲ.